ಮೇಲೆ ಥಳುಕು, ಅಡಿಯಲ್ಲಿ ತುಕ್ಕು

ಹಿಂದೆಲ್ಲ ಮೇ ತಿಂಗಳು ಬಂತೆಂದರೆ ಮಂಗಳೂರಿನಲ್ಲಿ ಕೊಡೆ ರಿಪೇರಿಯವರಿಗೆ ಸುಗ್ಗಿ. ಈಗಿನ ಸುಗ್ಗಿ ಕಾರಿನ ಬಣ್ಣಕ್ಕೆ ರಕ್ಷೆ ಹಾಕುವವರದ್ದು. ಉಡುಪಿಯವರೆಗೆ ಹೆದ್ದಾರಿ 66ರ ಎರಡೂ ಬದಿ ನೋಡಿಕೊಂಡು ಹೋದರೆ ಸಾಕು. ಸೆರಾಮಿಕ್ ಕೋಟಿಂಗ್, ಗ್ರಾಫೀನ್ ಕೋಟಿಂಗ್, ವಜ್ರದಷ್ಟು ಗಟ್ಟಿ, ಐದು ವರ್ಷ ಗ್ಯಾರಂಟಿ! ಬೋರ್ಡಿನಲ್ಲಿ ಕನ್ನಡಿಯಂತೆ ಹೊಳೆಯುವ ಕಾರು. ಅದರ ಮೇಲೆ ಮುತ್ತಿನಂತೆ ನೀರ ಹನಿ. ಕಾರಿನ ಅಡಿ ಹೇಗಿದೆ ಅಂತ ತೋರಿಸುವ ಬೋರ್ಡು ಮಾತ್ರ ಹುಡುಕಿದರೂ ಸಿಗುವುದು ಕಷ್ಟ.

ಸ್ಟೇಟ್ ಬ್ಯಾಂಕಿನಲ್ಲಿ ಬಸ್ಸಿಗೆ ಕಾದು ನಿಂತವನಿಗೆ ಇದೆಲ್ಲ ಎಂತಕ್ಕೆ ಮಾರಾಯ್ರೆ ಅಂತ ಕೇಳಬಹುದು. ಕೇಳಬೇಕಾದದ್ದೇ. ಆದರೆ ಕಾರು ಈಗ ದೊಡ್ಡವರ ಮನೆಯ ಸೊತ್ತು ಮಾತ್ರ ಆಗಿ ಉಳಿದಿಲ್ಲ. ಬಂದರಿನ ದಿನಸಿ ಅಂಗಡಿಯವರು ಅಕ್ಕಿ ಮೂಟೆ ಸಾಗಿಸಲು ಸೆಕೆಂಡ್ ಹ್ಯಾಂಡ್ ಓಮ್ನಿ ಇಟ್ಟುಕೊಂಡಿದ್ದಾರೆ. ಆ ಗಾಡಿಯ ತಯಾರಿಯೇ 2019ರಲ್ಲಿ ನಿಂತಿದೆ. ಇದ್ದದ್ದನ್ನೇ ಜೋಪಾನ ಮಾಡಬೇಕು. ಬಸ್ಸಿನಲ್ಲಿ ಪಕ್ಕಕ್ಕೆ ಕೂತವರ ಮಗನೋ ಅಳಿಯನೋ ಸಾಲ ತೆಗೆದು ಹಳದಿ ಬೋರ್ಡಿನ ಕಾರು ಓಡಿಸುತ್ತಿದ್ದಾನೆ. ಕಂತು ಮುಗಿಯುವ ಮೊದಲೇ ಬಾಗಿಲ ಅಡಿ ತೂತಾದರೆ ಅದು ಚಂದದ ಪ್ರಶ್ನೆ ಅಲ್ಲ, ಹೊಟ್ಟೆಯ ಪ್ರಶ್ನೆ. ಅಂಥವರ ಕೈಯಲ್ಲಿ ಇರುವ ಇಪ್ಪತ್ತು ಸಾವಿರ ಎಲ್ಲಿಗೆ ಹೋಗಬೇಕು ಎನ್ನುವುದೇ ಇಲ್ಲಿಯ ಮಾತು.

ಈ ಕರಾವಳಿಯಲ್ಲಿ ಕಾರು ಸಾಯುವುದು ಮೇಲಿನಿಂದ ಅಲ್ಲ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮೇಲೆ ಮಳೆ, ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ. ಗಾಳಿಯಲ್ಲಿ ವರ್ಷವಿಡೀ ಸಮುದ್ರದ ಉಪ್ಪು. ಉಪ್ಪಿನ ಗುಣ ಏನೆಂದು ಅಡುಗೆಮನೆಯ ಭರಣಿ ನೋಡಿದವರಿಗೆ ಗೊತ್ತು. ಮಳೆಗಾಲದಲ್ಲಿ ಅದು ತಾನಾಗಿ ಒದ್ದೆಯಾಗುತ್ತದೆ. ಕಾರಿನ ಅಡಿ ಸೇರಿದ ಉಪ್ಪೂ ಹಾಗೆಯೇ ಗಾಳಿಯ ತೇವ ಎಳೆದುಕೊಂಡು ಕಬ್ಬಿಣವನ್ನು ಒಣಗಲು ಬಿಡುವುದಿಲ್ಲ. ಇದರ ಮೇಲೆ ಮುರಕಲ್ಲಿನ ಕೆಂಪು ಕೆಸರು ಚಕ್ರದ ಗೂಡಿನಲ್ಲಿ ಹೆಟ್ಟಿ ಕೂರುತ್ತದೆ. ಕೆಸರು ಒದ್ದೆ ಗೋಣಿಯಂತೆ ತಿಂಗಳುಗಟ್ಟಲೆ ನೀರು ಹಿಡಿದಿಡುತ್ತದೆ. ತುಕ್ಕು ಮೊದಲು ಕಾಣುವ ಜಾಗ ಗ್ಯಾರೇಜಿನ ಹುಡುಗನಿಗೂ ಬಾಯಿಪಾಠ: ಬಾಗಿಲಿನ ಕೆಳಗಿನ ಮಡಿಕೆ, ಬಾಗಿಲ ಕೆಳಗೆ ಉದ್ದಕ್ಕೂ ಹೋಗುವ ಪಟ್ಟಿ, ಚಕ್ರದ ಮೇಲಿನ ಕಮಾನು, ಜಾಕ್ ಕೊಡುವ ಜಾಗ, ಡಿಕ್ಕಿಯ ತಳ, ಸೈಲೆನ್ಸರ್. ಇದರಲ್ಲಿ ಒಂದಾದರೂ ಬಾನೆಟ್ಟಿನ ಮೇಲೆ ಇದೆಯೇ?

ದಕ್ಕೆಗೆ ಹೋಗಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ರಜೆ. ಆ ಹೊತ್ತಿನಲ್ಲಿ ದಡಕ್ಕೆ ಎಳೆದ ಬೋಟಿಗೆ ಮಾಲಕ ಮೊದಲು ಏನು ಮಾಡಿಸುತ್ತಾನೆ? ನೀರಿನಲ್ಲಿ ಮುಳುಗುವ ಭಾಗವನ್ನು ಕೆರೆಸುತ್ತಾನೆ. ಚಿಪ್ಪು, ಪಾಚಿ, ಹಳೆಯ ಬಣ್ಣ, ತುಕ್ಕು ಎಲ್ಲ ಹೋದ ಮೇಲೆ ಒಣಗಿಸಿ ಬಣ್ಣ. ಹೆಸರು ಬರೆಸುವುದು, ಹೂವಿನ ಚಿತ್ರ ಬಿಡಿಸುವುದು ಎಲ್ಲ ಆಮೇಲೆ. ಮೇಲೆ ಹೂವಿನ ಚಿತ್ರ ಬಿಡಿಸಿ ಅಡಿ ಬಿಟ್ಟ ಬೋಟನ್ನು ಕಡಲು ಏನು ಮಾಡುತ್ತದೆ ಅಂತ ಅವನಿಗೆ ಗೊತ್ತು. ಕಾರಿನ ಮಾಲಕನಿಗೆ ಮಾತ್ರ ಶೋರೂಮಿನ ಏಸಿ ಗಾಳಿ ತಾಗಿದ ಕೂಡಲೇ ಈ ಬುದ್ಧಿ ಮರೆತುಹೋಗುತ್ತದೆ.

ಶೋರೂಮಿನ ಮಾತುಕತೆ ಸಾಧಾರಣ ಹೀಗಿರುತ್ತದೆ.

"ಸರ್, ಇದು ಹಾಕಿದ್ರೆ ಐದು ವರ್ಷ ತಿರುಗಿ ನೋಡುವುದೇ ಬೇಡ."

"ಗೀರು ಬೀಳುವುದಿಲ್ವಾ?"

"9ಎಚ್ ಸರ್! ವಜ್ರ ಇದ್ದ ಹಾಗೆ."

"ಅಡಿಗೆ?"

"ಅದು ಬೇರೆ ಪ್ಯಾಕೇಜು ಸರ್."

ಈ 9ಎಚ್ ಎಂಬ ಮಂತ್ರದ ಒಳಗುಟ್ಟು ಅಂಗಡಿಯಲ್ಲಿ ಸಿಗುವ ಪೆನ್ಸಿಲಿನಲ್ಲಿದೆ. ಶಾಲೆಯ ಮಕ್ಕಳು ಬರೆಯುವುದು ಎಚ್‌ಬಿ ಪೆನ್ಸಿಲು. ನಕ್ಷೆ ಬರೆಯುವವರು 2ಎಚ್, 4ಎಚ್ ಹಿಡಿಯುತ್ತಾರೆ. ಅದೇ ಸಾಲಿನಲ್ಲಿ ಕೊನೆಯ ಗಟ್ಟಿ ಪೆನ್ಸಿಲು 9ಎಚ್. ಬಣ್ಣದ ಮೇಲೆ ಪೆನ್ಸಿಲು ಒತ್ತಿ ಎಳೆದು, ಯಾವುದಕ್ಕೆ ಗೀರು ಬೀಳುತ್ತದೆ, ಯಾವುದಕ್ಕೆ ಬೀಳುವುದಿಲ್ಲ ಅಂತ ನೋಡುವ ಪರೀಕ್ಷೆ ಇದು. ಅಂದರೆ ಗಟ್ಟಿ ಪೆನ್ಸಿಲಿಗೆ ಗೀರು ಬೀಳದಷ್ಟು ಬಲ ಉಂಟು ಎಂದಷ್ಟೇ ಅರ್ಥ. ವಜ್ರಕ್ಕೂ ಇದಕ್ಕೂ ಎಂಥ ನಂಟು? ರಸ್ತೆಯ ಮರಳಿನ ಕಣ ಯಾವ ಪೆನ್ಸಿಲಿಗಿಂತಲೂ ಗಟ್ಟಿ. ಕೊಳೆ ಬಟ್ಟೆಯಲ್ಲಿ ಅದೇ ಮರಳನ್ನು ಹಿಡಿದು ಕಾರು ಒರೆಸಿದರೆ 9ಎಚ್ ಕೂಡ ಕೈ ಮುಗಿಯುತ್ತದೆ.

ದಪ್ಪದ ಲೆಕ್ಕ ಇನ್ನೂ ಸ್ವಾರಸ್ಯದ್ದು. ಕಾರ್ಖಾನೆಯಿಂದ ಬಂದ ಕಾರಿನ ಇಡೀ ಬಣ್ಣ, ಅಡಿಯ ಪ್ರೈಮರಿನಿಂದ ಹಿಡಿದು ಮೇಲಿನ ಪಾರದರ್ಶಕ ಪದರದವರೆಗೆ, ಸುಮಾರು 100ರಿಂದ 150 ಮೈಕ್ರಾನ್. ಒಂದು ಮಿಲಿಮೀಟರಿನಲ್ಲಿ ಸಾವಿರ ಮೈಕ್ರಾನ್. ತಲೆಗೂದಲು 70ರ ಆಸುಪಾಸು. ಹೊಳಪು ಕೊಡುವ ಆ ಪಾರದರ್ಶಕ ಪದರ 40-50 ಮೈಕ್ರಾನ್ ಅಷ್ಟೆ. ಅದರ ಮೇಲೆ ಹಚ್ಚುವ ಸೆರಾಮಿಕ್ ಒಂದೆರಡು ಮೈಕ್ರಾನ್, ಕೆಲವೊಮ್ಮೆ ಅದಕ್ಕೂ ಕಮ್ಮಿ. ಇಷ್ಟು ತೆಳ್ಳಗಿನ ವಸ್ತು ಲಾರಿಯ ಚಕ್ರದಿಂದ ಸಿಡಿದು ಬಂದ ಜಲ್ಲಿಯನ್ನು ತಡೆಯುತ್ತದೆ ಎನ್ನುವವರು ಹೂವಿನ ಎಸಳಿನಿಂದ ತೆಂಗಿನಕಾಯಿ ಒಡೆಯಬಹುದು ಎಂದೂ ಹೇಳಿಯಾರು. ಜಲ್ಲಿಯ ಏಟು ತಡೆಯುವುದಾದರೆ ಅದಕ್ಕೆ ಬೇರೆಯೇ ಪಾರದರ್ಶಕ ಫಿಲ್ಮ್ ಉಂಟು. ಪಾಲಿಯುರೆಥೇನಿನದ್ದು, 150ರಿಂದ 200 ಮೈಕ್ರಾನ್ ದಪ್ಪ. ಅದು ನಿಜಕ್ಕೂ ಏಟು ತಿನ್ನುತ್ತದೆ. ಆದರೆ ಇಡೀ ಕಾರಿಗೆ ಸುತ್ತಿಸಿದರೆ ಖರ್ಚು ಸೆರಾಮಿಕ್ಕಿನ ಎಷ್ಟೋ ಪಾಲು. ಹೆದ್ದಾರಿಯಲ್ಲೇ ಓಡುವವರು ಬೇಕಾದರೆ ಮುಂದಿನ ಬಂಪರ್, ಬಾನೆಟ್ಟಿನ ಮೂತಿಗೆ ಮಾತ್ರ ಹಾಕಿಸಿಕೊಂಡಾರು.

ಹೆಸರು ಬದಲಾಗುತ್ತದೆ, ವ್ಯಾಪಾರ ಬದಲಾಗುವುದಿಲ್ಲ. ಹಿಂದೆ ಮೇಣದ ಪಾಲಿಶ್. ಬ್ರೆಜಿಲ್ ದೇಶದ ತಾಳೆಜಾತಿಯ ಮರದ ಎಲೆಯಿಂದ ಬರುವ ಕಾರ್ನೂಬಾ ಮೇಣ, ಕೆಲವು ವಾರ ನಿಲ್ಲುತ್ತದೆ. ಅಷ್ಟರ ಮಟ್ಟಿಗೆ ಪ್ರಾಮಾಣಿಕ ವಸ್ತು. ಆಮೇಲೆ 'ಟೆಫ್ಲಾನ್ ಕೋಟಿಂಗ್' ಬಂತು. ದೋಸೆ ತವಾದ ಹೆಸರು ಕೇಳಿ ಜನ ಮರುಳಾದರು. ಈ ಟೆಫ್ಲಾನ್ 1938ರಲ್ಲಿ ಅಮೆರಿಕದ ಡುಪಾಂಟ್ ಕಂಪನಿಯ ಪ್ರಯೋಗಾಲಯದಲ್ಲಿ ಅಕಸ್ಮಾತ್ ಸಿಕ್ಕ ವಸ್ತು. ಅದು ಕರಗುವುದೇ 327 ಡಿಗ್ರಿ ಸೆಲ್ಸಿಯಸ್‌ನಲ್ಲಿ. ತವಾಕ್ಕೆ ಅದನ್ನು ಅಂಟಿಸುವುದು ಅದಕ್ಕೂ ಹೆಚ್ಚಿನ ಕಾವಿನ ಒಲೆಯಲ್ಲಿ ಬೇಯಿಸಿ. ಕಾರನ್ನು ಹಾಗೆ ಬೇಯಿಸಿದರೆ ಉಳಿಯುವುದೇನು? ಹಾಗಾಗಿ ಶೋರೂಮಿನ ಹಿತ್ತಿಲಲ್ಲಿ ಬಟ್ಟೆಯಿಂದ ಒರೆಸಿದ್ದಕ್ಕೆ ತವಾದ ಬಲ ಬರುವ ದಾರಿ ಇಲ್ಲ. ಈಗ ಗ್ರಾಫೀನಿನ ಸರದಿ. 2004ರಲ್ಲಿ ಮ್ಯಾಂಚೆಸ್ಟರಿನಲ್ಲಿ ಬೇರ್ಪಡಿಸಿದ, 2010ರ ಭೌತಶಾಸ್ತ್ರದ ನೊಬೆಲ್ ತಂದ ವಸ್ತು ಅದು. ಸೀಸೆಯಲ್ಲಿ ಇರುವುದು ಹೆಚ್ಚಾಗಿ ಅದೇ ಸೆರಾಮಿಕ್, ಜೊತೆಗೆ ಚಿಟಿಕೆ ಗ್ರಾಫೀನ್. ನೊಬೆಲ್ ಬಂದದ್ದು ವಿಜ್ಞಾನಿಗಳಿಗೆ, ಸೀಸೆಗೆ ಅಲ್ಲ.

ಹಾಗೆಂದು ಸೆರಾಮಿಕ್ ಬರೀ ಬೊಗಳೆ ಎನ್ನುವುದೂ ನ್ಯಾಯ ಅಲ್ಲ. ಚೆನ್ನಾಗಿ ಹಾಕಿದರೆ ನೀರು ನಿಲ್ಲದೆ ಜಾರುತ್ತದೆ, ಕೆಸರು ಬೇಗ ಬಿಡುತ್ತದೆ, ತೊಳೆಯುವ ಕೆಲಸ ಅರ್ಧಕ್ಕೆ ಇಳಿಯುತ್ತದೆ. ಕಾಗೆಯ ಹಿಕ್ಕೆಯಲ್ಲಿರುವ ಆಮ್ಲಕ್ಕೂ ಸ್ವಲ್ಪ ತಡೆ. ಸ್ವಲ್ಪ ಮಾತ್ರ. ಬಿಸಿಲಿನಲ್ಲಿ ಎರಡು ದಿನ ಬಿಟ್ಟರೆ ಕೋಟಿಂಗ್ ಇದ್ದರೂ ಕಲೆ ಬೀಳುತ್ತದೆ. ಬೋರ್‌ವೆಲ್ ನೀರಿನಲ್ಲಿ ತೊಳೆದು ಒರೆಸದೆ ಬಿಟ್ಟರಂತೂ, ಆ ಮುತ್ತಿನಂಥ ಹನಿಗಳೇ ಒಣಗಿ ಸುಣ್ಣದ ಚುಕ್ಕಿಗಳಾಗಿ ಕೂರುತ್ತವೆ. ಬೋರ್ಡಿನ ಚಿತ್ರದಲ್ಲಿ ಹನಿ ಇದೆ, ಚುಕ್ಕಿ ಇಲ್ಲ! ಕಪ್ಪು ಬಣ್ಣದ ಹೊಸ ಕಾರು, ಮನೆಯಲ್ಲಿ ಶೆಡ್ಡು, ಕೈಯಲ್ಲಿ ದುಡ್ಡು, ಈ ಮೂರೂ ಇದ್ದವರು ಹಾಕಿಸಿಕೊಳ್ಳಲಿ, ಯಾರದೂ ತಕರಾರಿಲ್ಲ. ಬಿಳಿ ಟ್ಯಾಕ್ಸಿ, ಹಗಲು ರಾತ್ರಿ ಬಯಲಲ್ಲಿ ನಿಲ್ಲುವ ಗಾಡಿ, ಹತ್ತು ವರ್ಷದ ಓಮ್ನಿ — ಇವುಗಳಿಗೆ 15-20 ಸಾವಿರ ಸುರಿದು ಹೊಳಪು ತರುವುದು ಸೋರುವ ಮನೆಗೆ ಮುಂಬಾಗಿಲು ಮಾತ್ರ ತೇಗದ್ದು ಮಾಡಿಸಿದ ಹಾಗೆ. ಇಂಥ ಗಾಡಿಗೆ ಮೂರು ತಿಂಗಳಿಗೊಮ್ಮೆ ಒಂದು ಡಬ್ಬಿ ಮೇಣ ಧಾರಾಳ ಸಾಕು. ಖರ್ಚು ಕೆಲವು ನೂರು ರೂಪಾಯಿ, ಮತ್ತು ಒಂದು ಭಾನುವಾರ ಬೆಳಗ್ಗೆ.

ಹಾಕುವ ಕ್ರಮದ ಬಗ್ಗೆಯೂ ಒಂದು ಮಾತು. ಹಣ ಹೋಗುವುದು ಸೀಸೆಯಿಂದಲ್ಲ, ಅವಸರದಿಂದ. ಸರಿಯಾಗಿ ಮಾಡುವವನು ಮೊದಲು ಕಾರು ತೊಳೆಯುತ್ತಾನೆ. ಆಮೇಲೆ ಜೇಡಿಯಂಥ ಒಂದು ಉಂಡೆಯಿಂದ ಉಜ್ಜಿ ಅಂಟಿದ ಟಾರು, ಕಬ್ಬಿಣದ ಹುಡಿ ತೆಗೆಯುತ್ತಾನೆ. ಬಣ್ಣದಲ್ಲಿ ಹಳೆಯ ಗೀರು ಇದ್ದರೆ ಯಂತ್ರದಲ್ಲಿ ಪಾಲಿಶ್. ಆಮೇಲೆ ಸ್ಪಿರಿಟಿನಲ್ಲಿ ಒರೆಸಿ ಎಣ್ಣೆ ಜಿಡ್ಡು ಬಿಡಿಸುತ್ತಾನೆ. ಆಮೇಲೆಯೇ ಕೋಟಿಂಗ್. ಅದೂ ನೆರಳಿನಲ್ಲಿ, ತಗಡು ತಣ್ಣಗಿರುವಾಗ, ಗೇಣು ಗೇಣು ಜಾಗಕ್ಕೆ ಹಚ್ಚಿ, ಹೊತ್ತು ನೋಡಿ ಮೆತ್ತನೆಯ ಬಟ್ಟೆಯಲ್ಲಿ ಒರೆಸುತ್ತಾ. ಒರೆಸುವ ಹೊತ್ತು ತಪ್ಪಿದರೆ ಅಲ್ಲಲ್ಲಿ ಎಣ್ಣೆ ಚೆಲ್ಲಿದಂಥ ಮೋಡ ಉಳಿಯುತ್ತದೆ, ಅದನ್ನು ತೆಗೆಯಲು ಮತ್ತೆ ಪಾಲಿಶೇ ಗತಿ. ಹಚ್ಚಿದ ಮೇಲೆ ಒಂದು ದಿನವಾದರೂ ನೀರು ತಾಗಬಾರದು, ಒಂದು ವಾರ ಸೋಪು ತಾಗಬಾರದು. ಇಷ್ಟೆಲ್ಲ ಮಾಡಲು ಒಂದೆರಡು ದಿನ ಬೇಕೇ ಬೇಕು. ಬೆಳಗ್ಗೆ ಕೊಟ್ಟು ಮಧ್ಯಾಹ್ನ ಊಟಕ್ಕೆ ಮೊದಲು ವಾಪಸು ಸಿಗುವ ಕೋಟಿಂಗ್ ಏನೆಂದು ಅಂಗಡಿಯವರೇ ಊಹಿಸಲಿ. ಜೂನಿನ ಜಡಿಮಳೆಯಲ್ಲಿ ಶೀಟಿನ ಚಪ್ಪರದ ಅಡಿ ಇದನ್ನು ಹಾಕಿಸುವುದು ದಂಡ.

ಪಾಲಿಶ್ ಯಂತ್ರದ ಮಾತು ಬಂತಲ್ಲ, ಅದರಲ್ಲಿ ಒಂದು ಅಪಾಯ ಉಂಟು. ಪಾಲಿಶ್ ಎಂದರೆ ಗೀರನ್ನು ಮುಚ್ಚುವುದಲ್ಲ. ಸುತ್ತಲಿನ ಬಣ್ಣವನ್ನು ಗೀರಿನ ಮಟ್ಟಕ್ಕೆ ತೇಯುವುದು. ಪ್ರತಿ ಸಲವೂ ಆ 40-50 ಮೈಕ್ರಾನಿನಿಂದ ಚೂರು ಹೋಗುತ್ತದೆ. 'ವರ್ಷಕ್ಕೊಮ್ಮೆ ಉಚಿತ ಪಾಲಿಶ್' ಎನ್ನುವ ಔದಾರ್ಯ ಹಾಗಾದರೆ ಯಾರ ಗಂಟು? ಗಿರಾಕಿಯ ಬಣ್ಣದ್ದೇ. ಹೊಸ ಕಾರಿಗೆ ಗಟ್ಟಿ ಪಾಲಿಶಿನ ಅಗತ್ಯವೇ ಸಾಧಾರಣವಾಗಿ ಇರುವುದಿಲ್ಲ.

ಇನ್ನು ಅಡಿಯ ವಿಚಾರ. ಇಲ್ಲಿ ಬಡ ಚಾಲಕನಿಗೂ ಬೇಕಾದ ಕೆಲಸ ಉಂಟು, ಆದರೆ ಇಲ್ಲಿಯೇ ಮಾಡುವ ತಪ್ಪೂ ಜಾಸ್ತಿ. ಹಿಂದೆ ಜೀಪು, ಅಂಬಾಸಿಡರ್ ಕಾಲದಲ್ಲಿ ಮಳೆಗೆ ಮೊದಲು ಸರ್ವಿಸ್ ಸ್ಟೇಷನ್ನಿನಲ್ಲಿ ಗಾಡಿ ತೊಳೆಸಿ ಅಡಿಗೆ ಆಯಿಲ್ ಸ್ಪ್ರೇ ಮಾಡಿಸುವ ಕ್ರಮ ಇತ್ತು. ಡೀಸೆಲಿಗೆ ಇಂಜಿನ್ನಿನ ಹಳೆಯ ಕರಿ ಎಣ್ಣೆ ಬೆರೆಸಿ ಹೊಡೆಯುವುದು. ಆ ದಪ್ಪ ತಗಡಿನ ಗಾಡಿಗೆ ಅದು ನಡೆಯಿತು. ಈಗಿನ ಕಾರಿನ ಅಡಿಯಲ್ಲಿ ಎಲ್ಲಿ ನೋಡಿದರೂ ರಬ್ಬರು, ಎಣ್ಣೆ ತಾಗಿದರೆ ಅದು ಉಬ್ಬುತ್ತದೆ. ಎರಡು ಮಳೆಗೆ ಆ ಎಣ್ಣೆ ತೊಳೆದು ಹೋಗಿ ಸೇರುವುದು ಪಕ್ಕದ ಬಾವಿಗೋ ತೋಡಿಗೋ. ಅದನ್ನು ಬಿಟ್ಟರೇ ಒಳ್ಳೆಯದು.

ಡಾಂಬರು ಅಥವಾ ರಬ್ಬರಿನ ಅಂಶ ಇರುವ ಅಡಿಯ ಕೋಟಿಂಗ್ ಒಳ್ಳೆಯದೇ, ಹಾಕುವ ಜಾಗ ಒಣಗಿ ಸ್ವಚ್ಛ ಇದ್ದರೆ ಮಾತ್ರ. ಅಡಕೆ ತೋಟದವರಿಗೆ ಇದು ಬೇಗ ಅರ್ಥವಾದೀತು. ಕೊಳೆರೋಗಕ್ಕೆ ಬೋರ್ಡೋ ಮದ್ದು ಬಿಡುವುದು ಮಳೆ ಹಿಡಿಯುವ ಮೊದಲು, ಗೊನೆ ಒಣಗಿರುವಾಗ. ಒದ್ದೆ ಗೊನೆಗೆ ಬಿಟ್ಟ ಮದ್ದು ಇಳಿದು ಹೋಗುತ್ತದೆ, ಕೊಳೆತು ಉದುರಿದ ಮೇಲೆ ಬಿಟ್ಟು ಪ್ರಯೋಜನ ಇಲ್ಲ. ಕಾರಿಗೂ ಎಪ್ರಿಲ್, ಮೇ ತಿಂಗಳೇ ಸರಿ. ರ‍್ಯಾಂಪಿನ ಮೇಲೆ ಎತ್ತಿ, ಒತ್ತಡದ ನೀರಿನಲ್ಲಿ ಚಕ್ರದ ಗೂಡಿನ ಮಣ್ಣೆಲ್ಲ ಕಳಚಿ, ಒಂದು ದಿನ ಒಣಗಿಸಬೇಕು. ತುಕ್ಕು ಇದ್ದಲ್ಲಿ ತಂತಿ ಬ್ರಷ್ಷಿನಿಂದ ಕೆರೆದು, ಪ್ರೈಮರ್ ಹಚ್ಚಿ, ಅದು ಒಣಗಿದ ಮೇಲೆ ಕೋಟಿಂಗ್. ತುಕ್ಕಿನ ಮೇಲೆಯೇ ಕಪ್ಪಗೆ ಬಳಿದರೆ ಗಿರಾಕಿಯ ಕಣ್ಣಿಗೆ ಚಂದ, ತುಕ್ಕಿಗೂ ಚಂದ: ಒಳಗೆ ತೇವ, ಮೇಲೆ ಹೊದಿಕೆ, ಯಾರ ಕಾಟವೂ ಇಲ್ಲದೆ ತಿನ್ನಬಹುದು. ಎರಡು ವರ್ಷ ಬಿಟ್ಟು ಸ್ಕ್ರೂಡ್ರೈವರ್ ಇಟ್ಟು ಕುಟ್ಟಿದರೆ ಹಪ್ಪಳದ ಹಾಗೆ ಒಡೆದು ಬೀಳುತ್ತದೆ. ಟಿಂಕರಿಂಗಿನವನ ಮುಂದೆ ಆಗ ಅತ್ತು ಫಲವಿಲ್ಲ. ಇನ್ಸೂರೆನ್ಸಿನವರೂ ಕೈ ಎತ್ತುತ್ತಾರೆ, ಸವೆತ ತುಕ್ಕಿಗೆ ಅವರ ಪಾಲಿಸಿಯಲ್ಲಿ ಜಾಗ ಇಲ್ಲ.

ಇನ್ನೊಂದು ಸಣ್ಣ ವಿಷಯ, ಕೇಳಲು ಸಣ್ಣದು. ಬಾಗಿಲ ಅಡಿಯಲ್ಲೂ ಅದರ ಕೆಳಗಿನ ಪಟ್ಟಿಯಲ್ಲೂ ನೀರು ಇಳಿದು ಹೋಗಲೆಂದು ಕಂಪನಿಯವರೇ ತೂತು ಬಿಟ್ಟಿರುತ್ತಾರೆ. ಕಿಟಕಿಯ ಗಾಜಿನ ಪಕ್ಕದಿಂದ ಇಳಿದ ಮಳೆನೀರು ಅಲ್ಲಿಂದ ಹೊರಗೆ ಹೋಗಬೇಕು. ಅವಸರದ ಹುಡುಗ ಗನ್ ಹಿಡಿದು ಆ ತೂತನ್ನೇ ಮುಚ್ಚಿಬಿಟ್ಟರೆ ಬಾಗಿಲು ಕೊಡಪಾನ ಆಗುತ್ತದೆ. ಕಾರು ವಾಪಸು ತೆಗೆದುಕೊಳ್ಳುವಾಗ ಬಗ್ಗಿ ನೋಡಬೇಕಾದದ್ದು ಹೊಳಪನ್ನಲ್ಲ, ಈ ತೂತುಗಳನ್ನು. ಬ್ರೇಕಿಗೆ, ಸೈಲೆನ್ಸರಿಗೆ ಕೋಟಿಂಗ್ ಸಿಡಿದಿದೆಯೇ ಎನ್ನುವುದನ್ನೂ ನೋಡಲಿ. ಹೊಸ ಕಾರುಗಳಿಗೆ ಕಾರ್ಖಾನೆಯಲ್ಲೇ ಅಡಿಗೆ ಒಂದಷ್ಟು ರಕ್ಷೆ ಆಗಿರುತ್ತದೆ. ಮತ್ತೆ ಹಾಕಿಸುವ ಮೊದಲು, ಇದರಿಂದ ಕಂಪನಿಯ ತುಕ್ಕಿನ ಗ್ಯಾರಂಟಿಗೆ ಧಕ್ಕೆ ಉಂಟೋ ಅಂತ ಬರವಣಿಗೆಯಲ್ಲಿ ಕೇಳಿಕೊಳ್ಳಬೇಕು. ಮಳೆಗಾಲ ಮುಗಿದ ಮೇಲೆ ಒಮ್ಮೆ ಅಡಿ ನೋಡಿಸಿ, ಎದ್ದ ಜಾಗ ಸರಿ ಮಾಡಿಸದಿದ್ದರೆ ಹಾಕಿಸಿದ್ದೂ ಹಾಳು. ಇನ್ನು ಪಣಂಬೂರಿನ ಮರಳಿಗೆ, ಅಲೆಯ ಅಂಚಿಗೆ ಕಾರು ಇಳಿಸಿ ಫೋಟೋ ಹೊಡೆಸುವ ಶೂರರಿಗೆ ಯಾವ ಕೋಟಿಂಗೂ ಇಲ್ಲ. ಅದೇ ದಿನ ಸಿಹಿನೀರಿನಲ್ಲಿ ಅಡಿ ತೊಳೆಸುವಷ್ಟಾದರೂ ಮಾಡಿಯಾರು ಎಂದು ಆಶಿಸಬಹುದು.

ಶೋರೂಮಿನ ಇನ್ನೊಂದು ಚಾಳಿಯ ಬಗ್ಗೆ ಗಿರಾಕಿಗಳು ಗೊಣಗುತ್ತಾರೆ, ಎದುರು ಹೇಳುವುದಿಲ್ಲ. ಕಾರು ಬೇಗ ಬೇಕಾದರೆ ಕೋಟಿಂಗ್ ಸೇರಿದ 'ಕಿಟ್' ತೆಗೆದುಕೊಳ್ಳಲೇಬೇಕು ಎನ್ನುವುದು. ಒಂದು ವಸ್ತು ಕೊಡಬೇಕಾದರೆ ಇನ್ನೊಂದು ಕೊಳ್ಳಲೇಬೇಕು ಎಂಬ ಷರತ್ತನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ನಿರ್ಬಂಧಿತ ವ್ಯಾಪಾರ ಪದ್ಧತಿ ಎಂದೇ ಕರೆಯುತ್ತದೆ. ಬೇಡ ಎನ್ನುವ ಹಕ್ಕು ಗಿರಾಕಿಗೆ ಉಂಟು. ಹಾಕಿಸಿಕೊಂಡರೂ ಬಿಲ್ಲಿನಲ್ಲಿ ವಸ್ತುವಿನ ಹೆಸರು, ಎಷ್ಟು ಪದರ, ಯಾವ ಭಾಗಕ್ಕೆ, ಗ್ಯಾರಂಟಿ ಯಾವುದಕ್ಕೆ, ಇಷ್ಟೂ ಬರೆಸಿಕೊಳ್ಳಬೇಕು. ಐದು ವರ್ಷದ ಗ್ಯಾರಂಟಿಯ ಕಾಗದ ತಿರುಗಿಸಿ ನೋಡಿದರೆ ಹಿಂದುಗಡೆ ಇರುವೆಯ ಸಾಲಿನಂಥ ಅಕ್ಷರದಲ್ಲಿ 'ಆರು ತಿಂಗಳಿಗೊಮ್ಮೆ ದುಡ್ಡು ಕೊಟ್ಟು ಸರ್ವಿಸ್ ಮಾಡಿಸದಿದ್ದರೆ ರದ್ದು' ಎಂದಿದ್ದೀತು. ಬರೀ ಬಾಯಿಮಾತಿನ ಗ್ಯಾರಂಟಿ ಮಳೆಗೆ ಹಿಡಿದ ಕಾಗದದ ಕೊಡೆ. ಬಿಲ್ಲು ಇದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಕೊಟ್ಟ ಹಣ ಐದು ಲಕ್ಷದ ಒಳಗಿದ್ದರೆ ಶುಲ್ಕ ಇಲ್ಲ, ವಕೀಲರು ಬೇಕೇ ಬೇಕು ಅಂತಲೂ ಇಲ್ಲ. ತಕರಾರು ಹುಟ್ಟಿದ ಎರಡು ವರ್ಷದ ಒಳಗೆ ಹೋಗಬೇಕು.

ಇದೆಲ್ಲ ಕಾರು ಇದ್ದವನು ಮಾಡಿಕೊಳ್ಳಬಹುದಾದದ್ದು. ಅವನ ಕೈ ಮೀರಿದ್ದು ಒಂದುಂಟು. ಹೆದ್ದಾರಿಯಲ್ಲಿ ಹೋಗುವ ಮೀನಿನ ಲಾರಿಗಳಿಂದ ಉಪ್ಪು ಬೆರೆತ ಐಸ್ ನೀರು ಧಾರೆಯಾಗಿ ರಸ್ತೆಗೆ ಸುರಿಯುತ್ತದೆ. ಅದು ಹಿಂದಿನ ಕಾರಿನ ಅಡಿಗೂ ಸಿಡಿಯುತ್ತದೆ, ಬಸ್ಸಿನ ಫುಟ್‌ಬೋರ್ಡಿನ ಅಡಿಗೂ ಸಿಡಿಯುತ್ತದೆ, ದ್ವಿಚಕ್ರದವರನ್ನು ಜಾರಿಸುತ್ತದೆ. ಮಳೆಗಾಲದಲ್ಲಿ ಆಗಸದ ನೀರಾದರೂ ಅದನ್ನು ತೊಳೆಯುತ್ತದೆ, ಬೇಸಿಗೆಯಲ್ಲಿ ಅದೂ ಇಲ್ಲ. ಲಾರಿಯ ಅಡಿಗೆ ಒಂದು ಟ್ಯಾಂಕಿ ಕಟ್ಟಿ ಆ ನೀರು ಹಿಡಿಯುವುದು ದೊಡ್ಡ ವಿದ್ಯೆ ಅಲ್ಲ. ಹೇಳುವವರು, ತಡೆದು ನಿಲ್ಲಿಸುವವರು ಬೇಕು. ಬಾಡಿಗೆ ಗಾಡಿಗಳಿಗೆ ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಫಿಟ್‌ನೆಸ್ ಪರೀಕ್ಷೆ ಇದ್ದೇ ಇದೆ. ಟ್ಯಾಕ್ಸಿಯ ತುಕ್ಕು ಹುಡುಕುವ ಟಾರ್ಚನ್ನು ಅದೇ ದಿನ ಮೀನಿನ ಲಾರಿಯ ಟ್ಯಾಂಕಿಯ ಮೇಲೂ, ಬಸ್ಸಿನ ಮೆಟ್ಟಿಲಿನ ಅಡಿಗೂ ಒಮ್ಮೆ ಹಿಡಿದರೆ ಆಗದೇ?